ಅಂಗಡಿಯ ಕಂಪ್ಯೂಟರಿಗೆ ಮರೆವು ಕಲಿಸುವವರು ಯಾರು?

2022ರ ಮೇ 27, ಶುಕ್ರವಾರ. ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯಿಂದ ಒಂದು ಪತ್ರಿಕಾ ಪ್ರಕಟಣೆ ಹೊರಬಿತ್ತು. ಆಧಾರ್ ಪ್ರತಿಯನ್ನು ಕಂಡಕಂಡವರಿಗೆ ಕೊಡಬೇಡಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ‘ಮಾಸ್ಕ್ಡ್’ ಆಧಾರ್ ಬಳಸಿ ಎನ್ನುವುದು ಅದರ ತಿರುಳು. ಹೋಟೆಲು, ಸಿನಿಮಾ ಮಂದಿರಗಳ ಪ್ರಸ್ತಾಪ ಅದರಲ್ಲಿ ಬಂದಿದ್ದರಿಂದ ದೇಶದ ತುಂಬ ಗದ್ದಲವಾಯಿತು. ಎರಡೇ ದಿನಕ್ಕೆ, ಮೇ 29ರ ಭಾನುವಾರ, ಜನ ತಪ್ಪಾಗಿ ಅರ್ಥ ಮಾಡಿಕೊಳ್ಳುವ ಸಂಭವವಿದೆ ಎಂಬ ಕಾರಣ ಕೊಟ್ಟು ಕೇಂದ್ರ ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು. ಈ ಗಲಾಟೆಯಲ್ಲಿ ಪ್ರಕಟಣೆಯ ಇನ್ನೊಂದು ಸಲಹೆ ಹೆಚ್ಚಿನವರ ಕಿವಿಗೆ ಬೀಳಲೇ ಇಲ್ಲ. ಇಂಟರ್ನೆಟ್ ಕೆಫೆಯಂಥ ಸಾರ್ವಜನಿಕ ಕಂಪ್ಯೂಟರಿನಲ್ಲಿ ಇ-ಆಧಾರ್ ಡೌನ್‌ಲೋಡ್ ಮಾಡದಿರಿ, ಮಾಡಿದರೆ ಎಲ್ಲ ಪ್ರತಿಗಳನ್ನೂ ಆ ಯಂತ್ರದಿಂದ ಪೂರ್ತಿ ಅಳಿಸಿಬಿಡಿ ಎಂದು ಅದು ಹೇಳಿತ್ತು.

ನನ್ನ ಮಟ್ಟಿಗೆ ಆ ಪ್ರಕಟಣೆಯಲ್ಲಿ ಉಳಿದೆಲ್ಲಕ್ಕಿಂತ ಮುಖ್ಯವಾದ ಮಾತು ಇದೇ. ಕಂಪ್ಯೂಟರಿನ ಕಾರ್ಯಾಚರಣಾ ವ್ಯವಸ್ಥೆ, ಅಂದರೆ ಆಪರೇಟಿಂಗ್ ಸಿಸ್ಟಮ್, ನಮ್ಮ ಖಾಸಗಿತನವನ್ನು ಕಾಯುತ್ತದೆಯೋ ಬಯಲಿಗಿಡುತ್ತದೆಯೋ ಎಂಬ ಚರ್ಚೆ ಮೂವತ್ತು ವರ್ಷಗಳಿಂದ ನಡೆದಿದೆ. ವಿಂಡೋಸ್ ನಂಬಬಹುದೇ, ಮ್ಯಾಕ್ ಮೇಲೇ, ಲಿನಕ್ಸ್ ಒಂದೇ ದಾರಿಯೇ ಎಂದು ವಾದಿಸುವವರೆಲ್ಲ ಒಂದು ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾತಾಡುತ್ತಾರೆ: ಒಬ್ಬ ಮನುಷ್ಯ, ಅವನದೇ ಒಂದು ಕಂಪ್ಯೂಟರು, ಆಚೆ ಒಂದು ದೊಡ್ಡ ಕಂಪನಿ. ಬೆಂಗಳೂರಿನ ಉತ್ತರದ ಅಮೃತಹಳ್ಳಿಯಂಥ ಕಡೆ ಬಹುಪಾಲು ಜನರ ಪಾಲಿಗೆ ಈ ಚಿತ್ರ ಸುಳ್ಳು. ಇಲ್ಲಿ ಕಂಪ್ಯೂಟರ್ ಇರುವುದು ಜೆರಾಕ್ಸ್ ಅಂಗಡಿಯಲ್ಲಿ. ಅದು ಒಂದೇ; ಬರುವವರು ನೂರಾರು.

ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳ ಮೇಲ್ಸೇತುವೆ ದಾಟಿ ಯಲಹಂಕದ ಕಡೆ ಹೊರಟರೆ ಬ್ಯಾಟರಾಯನಪುರ, ಅದರ ಬಲಕ್ಕೆ ಅಮೃತಹಳ್ಳಿ. ಊರಿಗೆ ತನ್ನದೇ ಕೆರೆಯಿದೆ, ಹಳೆಯ ಮನೆಗಳ ಸಾಲಿದೆ, ರೆವಿನ್ಯೂ ಸೈಟುಗಳ ಮೇಲೆದ್ದ ಮೂರು ಅಂತಸ್ತಿನ ಬಾಡಿಗೆ ಮನೆಗಳಿವೆ, ಪಿ.ಜಿ.ಗಳಿವೆ. ಬ್ಯಾಟರಾಯನಪುರ ನಗರಸಭೆಯ ಕಾಲ ಮುಗಿದು ಈ ಭಾಗ ಬಿಬಿಎಂಪಿಗೆ ಸೇರಿದ್ದು 2007ರಲ್ಲಿ. ಹತ್ತಿರದಲ್ಲೇ ಮಾನ್ಯತಾ ಟೆಕ್ ಪಾರ್ಕ್. ಅಲ್ಲಿನ ಕಂಪನಿಗಳಲ್ಲಿ ನೌಕರರಿಗೆ ಕೊಡುವ ಲ್ಯಾಪ್‌ಟಾಪಿನ ಡಿಸ್ಕ್ ಗೂಢಲಿಪಿಯಲ್ಲಿರುತ್ತದೆ, ಬಹಳ ಕಡೆ ಪೆನ್‌ಡ್ರೈವ್ ಚುಚ್ಚಿದರೆ ಕೆಲಸ ಮಾಡುವುದಿಲ್ಲ, ಕೆಲಸ ಬಿಟ್ಟವರ ಯಂತ್ರವನ್ನು ಒರೆಸಿ ಮುಂದಿನವರಿಗೆ ಕೊಡುತ್ತಾರೆ. ಕಂಪನಿಗೆ ತನ್ನ ಗುಟ್ಟು ಮುಖ್ಯ, ಅದಕ್ಕೆ ಬೇಕಾದ ಏರ್ಪಾಡನ್ನು ಅದು ಮಾಡಿಕೊಂಡಿದೆ. ಅದೇ ಕಟ್ಟಡದಲ್ಲಿ ಕಸ ಗುಡಿಸುವ, ಕಾವಲು ಕಾಯುವ, ಊಟ ಬಡಿಸುವ ಜನ ಸಂಜೆ ಅಮೃತಹಳ್ಳಿಗೆ ಬಂದು ಪಿ.ಎಫ್. ಅರ್ಜಿ ತುಂಬಿಸುವ ಯಂತ್ರಕ್ಕೆ ಇಂಥ ಯಾವ ಏರ್ಪಾಡೂ ಇಲ್ಲ.

ಇಲ್ಲಿನ ಮುಖ್ಯರಸ್ತೆಯಲ್ಲೋ ಅಡ್ಡರಸ್ತೆಯಲ್ಲೋ ಯಾವುದೇ ಜೆರಾಕ್ಸ್, ಲ್ಯಾಮಿನೇಷನ್, ಆನ್‌ಲೈನ್ ಅರ್ಜಿಯ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಮಾತು ಹೀಗೆ ಕೇಳಿಸುತ್ತದೆ.

“ಅಣ್ಣಾ, ಆಧಾರ್ ವಾಟ್ಸಾಪ್ ಮಾಡಿದೀನಿ, ಎರಡು ಕಲರ್ ಪ್ರಿಂಟ್.”

“ಪಾಸ್‌ವರ್ಡ್ ಕೇಳ್ತಿದೆ ಅಕ್ಕಾ. ಹೆಸರೇನು, ಹುಟ್ಟಿದ ವರ್ಷ ಯಾವ್ದು?”

ಇ-ಆಧಾರ್ ಪಿಡಿಎಫ್‌ಗೆ ಇರುವ ಬೀಗವೇ ಅದು: ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಜೊತೆಗೆ ಜನ್ಮವರ್ಷ. ಕೀಲಿಕೈಯನ್ನು ಎಲ್ಲರೆದುರು ಕೂಗಿ ಹೇಳಬೇಕು. ಹೇಳಿದ್ದಾಯಿತು, ಪ್ರಿಂಟ್ ಬಂತು, ದುಡ್ಡು ಕೊಟ್ಟು ಅಕ್ಕ ಹೋದರು. ಪಿಡಿಎಫ್ ಮಾತ್ರ ಅಂಗಡಿಯ ಯಂತ್ರದ ‘ಡೌನ್‌ಲೋಡ್ಸ್’ ಫೋಲ್ಡರಿನಲ್ಲೇ ಉಳಿಯಿತು. ಅದರ ಹಿಂದೆ ಇನ್ನೊಬ್ಬರ ಪಾನ್ ಕಾರ್ಡು, ಮತ್ತೊಬ್ಬರ ಬಾಡಿಗೆ ಕರಾರು, ಮಗುವಿನ ಜನನ ಪ್ರಮಾಣಪತ್ರ, ಸ್ಕ್ಯಾನಿಂಗ್ ಸೆಂಟರಿನ ವರದಿ, ಊರಲ್ಲಿರುವ ಜಮೀನಿನ ಪಹಣಿ.

ಅಂಗಡಿಯವನನ್ನು ದೂರುವುದು ನನ್ನ ಉದ್ದೇಶವಲ್ಲ. ದಿನವಿಡೀ ನಿಂತು ಹತ್ತಿಪ್ಪತ್ತು ರೂಪಾಯಿಗೆ ಜನರ ಕೆಲಸ ಮಾಡಿಕೊಡುವ ಈ ಹುಡುಗರು ಇಲ್ಲದಿದ್ದರೆ ಸರ್ಕಾರದ ಅರ್ಧ ಯೋಜನೆಗಳು ಜನರನ್ನು ಮುಟ್ಟುತ್ತಲೇ ಇರಲಿಲ್ಲ. 2023ರ ಜೂನ್ 18ರಂದು ಸೇವಾಸಿಂಧುವಿನಲ್ಲಿ ಗೃಹಜ್ಯೋತಿಯ ನೋಂದಣಿ ತೆರೆಯಿತು, ಜುಲೈ 19ಕ್ಕೆ ಗೃಹಲಕ್ಷ್ಮಿ ಶುರುವಾಯಿತು. ಅಧಿಕೃತ ನೋಂದಣಿ ಬೆಂಗಳೂರು ಒನ್, ಗ್ರಾಮ ಒನ್ ಕೇಂದ್ರಗಳಲ್ಲಿ ನಡೆದರೂ ಕರೆಂಟ್ ಬಿಲ್ಲು, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ ಹಿಡಿದು ಜನ ಮೊದಲು ಓಡುವುದು ಇಂಥ ಅಂಗಡಿಗೇ. 2024ರ ಅಕ್ಟೋಬರಿನಿಂದ ಇ-ಖಾತಾ ಬಂದಮೇಲೆ ಕ್ರಯಪತ್ರ, ತೆರಿಗೆ ರಸೀದಿ, ಮನೆಯ ಫೋಟೊ ಕೂಡ ಅದೇ ಯಂತ್ರದೊಳಕ್ಕೆ ಹೋಗುತ್ತಿವೆ. ಬರುವವರಿಗೆಲ್ಲ ಓಡೋಡಿ ಕೆಲಸ ಮಾಡಿಕೊಡುವ ಹೊತ್ತಿನಲ್ಲಿ ಪ್ರತಿ ಗಿರಾಕಿಯ ಹಿಂದೆ ಫೈಲು ಹುಡುಕಿ ಅಳಿಸು ಎಂದು ಯಾರಿಗಾದರೂ ಹೇಳುವುದು ನ್ಯಾಯವಲ್ಲ. ಆ ಕೆಲಸ ಯಂತ್ರದ್ದು. ಯಂತ್ರ ಅದನ್ನು ಮಾಡುವಂತೆ ರೂಪಿಸಬೇಕಾದವರು ಆಪರೇಟಿಂಗ್ ಸಿಸ್ಟಮ್ ಕಟ್ಟಿದವರು.

ಹಾಗೆ ರೂಪಿಸಲು ಆಗುವುದಿಲ್ಲವೇ? ಆಗುತ್ತದೆ, ಹಿಂದೆ ಆಗಿತ್ತು ಕೂಡ. ಮೈಕ್ರೋಸಾಫ್ಟ್ 2005ರಲ್ಲಿ ಶಾಲೆ, ಗ್ರಂಥಾಲಯ, ಇಂಟರ್ನೆಟ್ ಕೆಫೆಗಳಿಗೆಂದೇ ಒಂದು ಉಚಿತ ತಂತ್ರಾಂಶ ತಂದಿತು, 2007ರಲ್ಲಿ ಅದಕ್ಕೆ ‘ಸ್ಟೆಡಿಸ್ಟೇಟ್’ ಎಂದು ಹೆಸರಾಯಿತು. ವಿಂಡೋಸ್ ಎಕ್ಸ್‌ಪಿ, ವಿಸ್ತಾಗಳ ಮೇಲೆ ಅದನ್ನು ಹಾಕಿದರೆ ದಿನವಿಡೀ ಯಾರು ಏನು ಉಳಿಸಿದ್ದರೂ ಕಂಪ್ಯೂಟರನ್ನು ಆರಿಸಿ ಹಚ್ಚಿದೊಡನೆ ಡಿಸ್ಕ್ ಮೊದಲಿನ ಸ್ಥಿತಿಗೆ ಮರಳುತ್ತಿತ್ತು. ಸಲೂನಿನಲ್ಲಿ ಒಬ್ಬರ ಕ್ಷೌರ ಮುಗಿದ ಮೇಲೆ ಬಟ್ಟೆ ಕೊಡವಿ ಇನ್ನೊಬ್ಬರನ್ನು ಕೂರಿಸಿದ ಹಾಗೆ. ವಿಂಡೋಸ್ 7ಕ್ಕೆ ಅದರ ಆವೃತ್ತಿ ಬರಲೇ ಇಲ್ಲ, 2010ರ ಕೊನೆಗೆ ಅದನ್ನು ಕೊಡುವುದನ್ನೇ ಕಂಪನಿ ನಿಲ್ಲಿಸಿತು. 2015ರಲ್ಲಿ ವಿಂಡೋಸ್ 10 ಬಂದಾಗ ಹಳೆಯ ‘ಗೆಸ್ಟ್’ ಖಾತೆಯೂ ಮಾಯವಾಯಿತು. ಹಲವರು ಹಂಚಿಕೊಳ್ಳುವ ಯಂತ್ರಕ್ಕೆ ಬೇಕಾದ ಏರ್ಪಾಡು ಇವತ್ತೂ ವಿಂಡೋಸಿನಲ್ಲಿದೆ, ಆದರೆ ಅದು ಪ್ರೊ, ಎಂಟರ್‌ಪ್ರೈಸ್, ಎಜುಕೇಶನ್ ಆವೃತ್ತಿಗಳಿಗೆ, ಐಟಿ ವಿಭಾಗ ಇಟ್ಟುಕೊಂಡ ಸಂಸ್ಥೆಗಳಿಗೆ. ಎಸ್.ಪಿ. ರೋಡಿನಿಂದ ತಂದ ಸೆಕೆಂಡ್‌ಹ್ಯಾಂಡ್ ಯಂತ್ರದ ಮುಂದೆ ಕೂತವನಿಗೆ ಅದು ಎಟುಕುವುದಿಲ್ಲ.

ಉಳಿದವರು ಏನು ಮಾಡಿದ್ದಾರೆ? ಮ್ಯಾಕ್‌ನಲ್ಲಿ ಅತಿಥಿ ಖಾತೆಯಿದೆ, ಲಾಗೌಟ್ ಆದೊಡನೆ ಅದರೊಳಗಿದ್ದದ್ದೆಲ್ಲ ಅಳಿಯುತ್ತದೆ. ಕ್ರೋಮ್‌ಬುಕ್‌ನಲ್ಲೂ ಹಾಗೆಯೇ. ಉಬುಂಟು ಲಿನಕ್ಸಿನಲ್ಲಿ 2016ರ ಏಪ್ರಿಲ್ ಆವೃತ್ತಿಯವರೆಗೂ ಈ ಸೌಲಭ್ಯ ಲಾಗಿನ್ ಪರದೆಯ ಮೇಲೇ ಸಿಗುತ್ತಿತ್ತು, ಆಮೇಲೆ ತೆಗೆದರು. ಲಿನಕ್ಸ್ ಮಿಂಟ್‌ನಲ್ಲಿ ಈಗಲೂ ‘ಲಾಗಿನ್ ವಿಂಡೋ’ ಸೆಟ್ಟಿಂಗ್ಸ್‌ಗೆ ಹೋಗಿ ಒಂದು ಗುಂಡಿ ಒತ್ತಿದರೆ ಅತಿಥಿ ಅವಧಿ ತೆರೆಯುತ್ತದೆ. ಗಿರಾಕಿಯ ಕೆಲಸ ಅದರಲ್ಲಿ ಮುಗಿಸಿ ಲಾಗೌಟ್ ಮಾಡಿದರೆ ಡೌನ್‌ಲೋಡ್ ಆದ ಆಧಾರೂ ಹೋಗುತ್ತದೆ, ತೆರೆದಿಟ್ಟ ಜಿಮೇಲೂ ಹೋಗುತ್ತದೆ.

ಬ್ರೌಸರಿನ ‘ಇನ್‌ಕಾಗ್ನಿಟೊ’ ಕಿಟಕಿ ಇದಕ್ಕೆ ಬದಲಿಯಲ್ಲ. ಅದು ಅಳಿಸುವುದು ಭೇಟಿಕೊಟ್ಟ ತಾಣಗಳ ನೆನಪನ್ನು, ಲಾಗಿನ್ ಗುರುತನ್ನು. ಡೌನ್‌ಲೋಡ್ ಆದ ಫೈಲು ಇದ್ದಲ್ಲೇ ಇರುತ್ತದೆ. ಬಹಳ ಜನ ವಿದ್ಯಾವಂತರಿಗೂ ಇದು ಗೊತ್ತಿಲ್ಲ.

ಇನ್ನು ‘ಡಿಲೀಟ್’ ಒತ್ತಿದರೆ ಸಾಲದೇ ಎಂಬ ಪ್ರಶ್ನೆ. ಸಾಲದು. ಫೈಲು ಮೊದಲು ರಿಸೈಕಲ್ ಬಿನ್‌ಗೆ ಹೋಗುತ್ತದೆ. ಅದನ್ನೂ ಖಾಲಿ ಮಾಡಿದರೆ ಹಳೆಯ ಹಾರ್ಡ್‌ಡಿಸ್ಕಿನಲ್ಲಿ ‘ಈ ಜಾಗ ಖಾಲಿ’ ಎಂಬ ಗುರುತು ಬೀಳುತ್ತದೆಯೇ ಹೊರತು ಒಳಗಿನ ಅಕ್ಷರ ಅಳಿಯುವುದಿಲ್ಲ. ಆ ಜಾಗದ ಮೇಲೆ ಬೇರೇನಾದರೂ ಬರೆಯುವವರೆಗೆ ಸಾಮಾನ್ಯ ರಿಕವರಿ ತಂತ್ರಾಂಶ ಅದನ್ನು ಎತ್ತಿಕೊಡಬಲ್ಲದು. ಫೋಟೊ ಅಳಿಸಿದರೂ ಅದರ ಪುಟ್ಟ ಬಿಂಬ ವಿಂಡೋಸಿನ ಥಂಬ್‌ನೇಲ್ ಕೋಶದಲ್ಲಿ ಉಳಿಯುತ್ತದೆ, ಫೈಲಿನ ಹೆಸರು ‘ಇತ್ತೀಚಿನವು’ ಪಟ್ಟಿಯಲ್ಲಿ ಕೂತಿರಬಹುದು. ಎಸ್‌ಎಸ್‌ಡಿ ಇರುವ ಹೊಸ ಯಂತ್ರಗಳಲ್ಲಿ ಅಳಿಸಿದ್ದನ್ನು ಮರಳಿ ಪಡೆಯುವುದು ಹೆಚ್ಚು ಕಷ್ಟ, ಅದೊಂದು ಸಮಾಧಾನ. ಡಿಸ್ಕಿಗೆ ಗೂಢಲಿಪಿಯ ಕಾವಲಿದ್ದರೆ ಯಂತ್ರ ಗುಜರಿಗೆ ಹೋದಾಗಲೂ ಭಯವಿಲ್ಲ. ಇಲ್ಲದಿದ್ದರೆ, ಅಂಗಡಿ ಮುಚ್ಚಿ ಯಂತ್ರವನ್ನು ಮಾರಿದ ದಿನ ಒಂದು ಬಡಾವಣೆಯ ಗುರುತಿನ ದಾಖಲೆಗಳೆಲ್ಲ ಮಾರಾಟವಾದಂತೆ.

ಖಾಸಗಿತನದ ದೊಡ್ಡ ಚರ್ಚೆ ಇಲ್ಲಿಗೆ ಸಂಬಂಧಿಸಿದ್ದಲ್ಲ ಎಂದು ನಾನು ಹೇಳುತ್ತಿಲ್ಲ. ಅದಕ್ಕೂ ಅಮೃತಹಳ್ಳಿಯ ಡೌನ್‌ಲೋಡ್ಸ್ ಫೋಲ್ಡರಿಗೂ ಒಂದೇ ಬೇರು. 2015ರಲ್ಲಿ ವಿಂಡೋಸ್ 10 ಬಂದಾಗ ಯಂತ್ರ ಬಳಸುವ ರೀತಿಯ ಬಗ್ಗೆ ಅದು ಕಂಪನಿಗೆ ಕಳುಹಿಸುವ ಮಾಹಿತಿ ದೊಡ್ಡ ವಿವಾದವಾಯಿತು. 2016ರ ಜುಲೈನಲ್ಲಿ ಫ್ರಾನ್ಸಿನ ದತ್ತಾಂಶ ರಕ್ಷಣಾ ಸಂಸ್ಥೆ ಮೈಕ್ರೋಸಾಫ್ಟ್‌ಗೆ ನೋಟಿಸ್ ಕೊಟ್ಟಿತು, ಕಂಪನಿ ತಿದ್ದಿಕೊಂಡ ಮೇಲೆ ಮರುವರ್ಷ ಅದನ್ನು ಮುಕ್ತಾಯಗೊಳಿಸಿತು. 2017ರ ಅಕ್ಟೋಬರಿನಲ್ಲಿ ನೆದರ್ಲೆಂಡ್ಸ್‌ನ ಸಂಸ್ಥೆ, ಯಾವ ಮಾಹಿತಿ ಯಾಕೆ ಹೋಗುತ್ತಿದೆ ಎಂದು ಬಳಕೆದಾರರಿಗೆ ಸ್ಪಷ್ಟವಾಗಿ ತಿಳಿಸದಿರುವುದು ಕಾನೂನಿನ ಉಲ್ಲಂಘನೆ ಎಂದಿತು. ಈಗಿನ ವಿಂಡೋಸಿನಲ್ಲಿ ಕಳುಹಿಸುವ ಮಾಹಿತಿ ‘ಕಡ್ಡಾಯ’, ‘ಐಚ್ಛಿಕ’ ಎಂದು ಎರಡು ಬಗೆ. ಐಚ್ಛಿಕವಾದದ್ದನ್ನು ನಿಲ್ಲಿಸಬಹುದು, ಕಡ್ಡಾಯವಾದದ್ದನ್ನು ಮನೆಬಳಕೆಯ ಆವೃತ್ತಿಯಲ್ಲಿ ಪೂರ್ತಿ ನಿಲ್ಲಿಸಲು ಸೆಟ್ಟಿಂಗ್ಸ್‌ನಲ್ಲಿ ಅವಕಾಶವಿಲ್ಲ.

ಲಿನಕ್ಸ್ ಅಭಿಮಾನಿಗಳು ಇದನ್ನೇ ಎತ್ತಿ ಆಡುತ್ತಾರೆ, ಆಡುವುದರಲ್ಲಿ ಸತ್ಯವೂ ಇದೆ. ಆದರೆ 2012ರಲ್ಲಿ ಉಬುಂಟುವೇ ಮುಗ್ಗರಿಸಿದ್ದನ್ನು ಮರೆಯಬಾರದು. ಆ ವರ್ಷದ ಅಕ್ಟೋಬರ್ ಆವೃತ್ತಿಯಲ್ಲಿ ನಮ್ಮ ಯಂತ್ರದೊಳಗೆ ಫೈಲು ಹುಡುಕಲು ಟೈಪಿಸಿದ ಪದವೂ ಆಚೆ ಹೋಗಿ ಅಮೆಜಾನ್‌ನ ಸರಕುಗಳನ್ನು ತಂದು ತೋರಿಸುತ್ತಿತ್ತು. ಮುಕ್ತ ತಂತ್ರಾಂಶ ಚಳವಳಿಯ ರಿಚರ್ಡ್ ಸ್ಟಾಲ್‌ಮನ್ ಇದನ್ನು ಬೇಹುಗಾರಿಕೆ ಎಂದೇ ಕರೆದರು. 2016ರ ಆವೃತ್ತಿಯಲ್ಲಿ ಅದು ತಾನಾಗಿ ಚಾಲೂ ಇರುವುದು ನಿಂತಿತು. ಆಪಲ್ ಕೂಡ ಹೊರತಲ್ಲ. 2021ರ ಆಗಸ್ಟಿನಲ್ಲಿ ಫೋನಿನೊಳಗಿನ ಚಿತ್ರಗಳನ್ನು ಐಕ್ಲೌಡ್‌ಗೆ ಹೋಗುವ ಮುನ್ನ ಪರೀಕ್ಷಿಸುವ ಯೋಜನೆ ಪ್ರಕಟಿಸಿ, ತೀವ್ರ ವಿರೋಧ ಬಂದ ಮೇಲೆ ಮರುವರ್ಷ ಡಿಸೆಂಬರಿನಲ್ಲಿ ಕೈಬಿಟ್ಟಿತು. ಯಾವ ಪಾಳೆಯವೂ ಹುಟ್ಟಿನಿಂದಲೇ ಶುದ್ಧವಲ್ಲ. ಮೂರು ಕಡೆಯೂ ತಿದ್ದುಪಡಿ ಬಂದದ್ದು ಯಾರೋ ಗಮನಿಸಿ, ಪಟ್ಟು ಹಿಡಿದು ಕೇಳಿದ್ದರಿಂದ.

ಈ ಎಲ್ಲ ಜಗಳದ ತಿರುಳು ಒಂದೇ: ಯಂತ್ರವನ್ನು ಮೊದಲ ಸಲ ಹಚ್ಚಿದಾಗ ಯಾವ ಗುಂಡಿ ‘ಆನ್’ ಇರಬೇಕು, ಯಾವುದು ‘ಆಫ್’ ಇರಬೇಕು ಎಂದು ತೀರ್ಮಾನಿಸುವವರು ಯಾರು? ಸೆಟ್ಟಿಂಗ್ಸ್ ಒಳಗೆ ಹೋಗಿ ಬದಲಿಸುವವರು ಯಾವ ಊರಿನಲ್ಲೂ ಕಡಿಮೆ. ಹಾಗಾಗಿ ಕಂಪನಿ ಮೊದಲೇ ಇಟ್ಟುಕೊಟ್ಟದ್ದೇ ಜನರ ಪಾಲಿಗೆ ಶಾಸನ. ವಿಂಡೋಸಿನಲ್ಲೇ ‘ಸ್ಟೋರೇಜ್ ಸೆನ್ಸ್’ ಎಂಬ ಸೌಲಭ್ಯವಿದೆ. ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಯಾರೂ ತೆರೆಯದೆ ಬಿದ್ದ ಫೈಲನ್ನು ಇಷ್ಟು ದಿನಕ್ಕೆ ಅಳಿಸು ಎಂದು ಅದಕ್ಕೆ ಹೇಳಬಹುದು: 1 ದಿನ, 14, 30 ಅಥವಾ 60 ದಿನ. ಜೆರಾಕ್ಸ್ ಅಂಗಡಿಗೆ ಹೇಳಿಮಾಡಿಸಿದ ಸೌಲಭ್ಯ. ಆದರೆ ಕಂಪನಿ ಅದನ್ನು ಇಟ್ಟುಕೊಟ್ಟಿರುವುದು ‘ನೆವರ್’ ಎಂದು. ಇನ್ನೊಂದು ಕಡೆ, ವಿಂಡೋಸ್ 11ನ್ನು ಮೈಕ್ರೋಸಾಫ್ಟ್ ಖಾತೆಯೊಂದಿಗೆ ಹೊಸದಾಗಿ ಸಿದ್ಧಪಡಿಸಿದಾಗ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳು ತಾವಾಗಿಯೇ ಒನ್‌ಡ್ರೈವ್‌ಗೆ ನಕಲಾಗತೊಡಗುವುದನ್ನು 2024ರಲ್ಲಿ ಜನ ಗಮನಿಸಿದರು. ಅಂಗಡಿಯವನು ಸ್ಕ್ಯಾನ್ ಮಾಡಿ ಡೆಸ್ಕ್‌ಟಾಪಿನಲ್ಲಿ ಇಟ್ಟ ಕ್ರಯಪತ್ರ ಹೀಗೆ ಇನ್ನೊಂದು ದೇಶದ ಸರ್ವರ್ ಸೇರಬಹುದು, ಅದು ಕೊಟ್ಟವರಿಗೂ ಗೊತ್ತಿಲ್ಲದೆ, ಇಟ್ಟವನಿಗೂ ಗೊತ್ತಿಲ್ಲದೆ. ಮರೆಯುವ ಗುಂಡಿ ಆಫ್, ನೆನಪಿಡುವ ಗುಂಡಿ ಆನ್. ಇದನ್ನು ನಾನು ಒಪ್ಪಲಾರೆ.

2024ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಪ್ರಕಟಿಸಿದ ‘ರೀಕಾಲ್’ ಇದೇ ದಾರಿಯ ತುದಿ. ಕೆಲವೇ ಸೆಕೆಂಡಿಗೊಮ್ಮೆ ಪರದೆಯ ಚಿತ್ರ ತೆಗೆದಿಟ್ಟು, ಹಿಂದೆ ನೋಡಿದ್ದನ್ನೆಲ್ಲ ಹುಡುಕಿಕೊಡುವ ಸೌಲಭ್ಯ ಅದು. ಪ್ರಯೋಗದ ಆವೃತ್ತಿಯಲ್ಲಿ ಆ ನೆನಪಿನ ಕಡತಕ್ಕೆ ತಕ್ಕ ಬೀಗವಿರಲಿಲ್ಲ ಎಂಬುದನ್ನು ಕೆವಿನ್ ಬ್ಯೂಮಾಂಟ್ ಮುಂತಾದ ಭದ್ರತಾ ತಜ್ಞರು ತೋರಿಸಿದ ಮೇಲೆ ಬಿಡುಗಡೆ ಮುಂದಕ್ಕೆ ಹೋಯಿತು. 2025ರ ಏಪ್ರಿಲಿನಲ್ಲಿ ಬಂದಾಗ ಬಳಕೆದಾರ ತಾನಾಗಿ ಒಪ್ಪಿದರೆ ಮಾತ್ರ ಚಾಲೂ ಆಗುವಂತೆ, ಗುರುತು ದೃಢಪಡಿಸಿದರೆ ಮಾತ್ರ ತೆರೆಯುವಂತೆ ತಿದ್ದಿದ್ದರು. ಅದಕ್ಕೆ ಬೇಕಾದ ವಿಶೇಷ ಚಿಪ್ ಇರುವ ಯಂತ್ರಗಳು ಇಂದು ದುಬಾರಿ, ಆದ್ದರಿಂದ ಅಮೃತಹಳ್ಳಿಯ ಅಂಗಡಿಗೆ ಸದ್ಯ ಅದು ಬಾರದು. ಆದರೆ ಇವತ್ತು ಕಂಪನಿಗಳು ಕೊಳ್ಳುವ ಯಂತ್ರಗಳೇ ನಾಲ್ಕೈದು ವರ್ಷದ ನಂತರ ಎಸ್.ಪಿ. ರೋಡಿನ ಮೂಲಕ ಇಲ್ಲಿಗೆ ಬರುವುದು. ಹತ್ತು ಜನ ಸರದಿಯಲ್ಲಿ ಬಳಸುವ ಯಂತ್ರದಲ್ಲಿ ಒಪ್ಪಿಗೆಯ ಗುಂಡಿ ಒತ್ತುವವನು ಅಂಗಡಿಯ ಮಾಲೀಕ. ಪರದೆಯ ಮೇಲಿನ ಬದುಕು ಗಿರಾಕಿಯದು. ಆ ಒಪ್ಪಿಗೆಗೆ ಏನು ಅರ್ಥ? ಈ ಪ್ರಶ್ನೆ ಅದನ್ನು ಕಟ್ಟಿದವರ ಮನಸ್ಸಿಗೆ ಬಂದಂತೆ ಕಾಣುವುದಿಲ್ಲ.

ಬೆಂಗಳೂರಿನವರ ಮನಸ್ಸಿಗೆ ಬಂದಿತ್ತು. ಅದೂ ಇಪ್ಪತ್ತೈದು ವರ್ಷಗಳ ಹಿಂದೆ.

ಭಾರತೀಯ ವಿಜ್ಞಾನ ಸಂಸ್ಥೆಯ ಕಂಪ್ಯೂಟರ್ ವಿಜ್ಞಾನದ ಅಧ್ಯಾಪಕರಾದ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಅವರೂ ಎನ್‌ಕೋರ್ ಕಂಪನಿಯ ವಿನಯ್ ದೇಶಪಾಂಡೆ ಮೊದಲಾದವರೂ ಸೇರಿ ಸಿಂಪ್ಯೂಟರ್ ಎಂಬ ಕೈಗಾತ್ರದ ಕಂಪ್ಯೂಟರ್ ಕಟ್ಟಿದರು. 1998ರಲ್ಲಿ ಹುಟ್ಟಿದ ಆಲೋಚನೆ ಅದು. ಮಾದರಿ ಯಂತ್ರವನ್ನು ಜನರೆದುರು ಇಟ್ಟದ್ದು 2001ರಲ್ಲಿ. ಅದರ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್. ಕನ್ನಡವೂ ಸೇರಿ ನಮ್ಮ ಭಾಷೆಗಳಲ್ಲಿ ಕೆಲಸ ಮಾಡಬೇಕು, ಓದಲು ಬಾರದವರಿಗೆ ಓದಿ ಹೇಳಬೇಕು ಎಂಬುದು ಅವರ ಹಂಬಲ. ಇದೆಲ್ಲ ಆಗ ಪತ್ರಿಕೆಗಳಲ್ಲಿ ಬಹಳ ಬಂದಿತ್ತು. ಅಷ್ಟಾಗಿ ಯಾರೂ ಎತ್ತಿ ಆಡದ ಒಂದು ಅಂಶ ಮಾತ್ರ ನನಗೆ ಈಗ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತಿದೆ. ಹಳ್ಳಿಯಲ್ಲಿ ಪ್ರತಿಯೊಬ್ಬರೂ ಒಂದೊಂದು ಯಂತ್ರ ಕೊಳ್ಳಲಾರರು ಎಂಬುದನ್ನು ಅವರು ಮೊದಲೇ ಒಪ್ಪಿಕೊಂಡಿದ್ದರು. ಒಂದು ಯಂತ್ರವನ್ನು ಊರೇ ಹಂಚಿಕೊಳ್ಳಲಿ, ಆದರೆ ಪ್ರತಿಯೊಬ್ಬರ ಹತ್ತಿರ ಒಂದು ಸ್ಮಾರ್ಟ್ ಕಾರ್ಡ್ ಇರಲಿ ಎಂದರು. ಕಾರ್ಡ್ ಹಾಕಿದರೆ ಯಂತ್ರ ನಿಮ್ಮದು, ನಿಮ್ಮ ವಿವರಗಳೂ ಅದರಲ್ಲೇ. ಕಾರ್ಡ್ ತೆಗೆದುಕೊಂಡು ಹೊರಟರೆ ನಿಮ್ಮ ಮಾಹಿತಿಯೂ ನಿಮ್ಮ ಜೇಬಿನಲ್ಲಿ ಹೊರಟಿತು. ಹಂಚಿಕೊಳ್ಳುವುದು ಬಡತನದಿಂದ ಬಂದ ತಾತ್ಕಾಲಿಕ ಪಾಡು ಎಂದುಕೊಳ್ಳದೆ, ಅದನ್ನೇ ವಿನ್ಯಾಸದ ತಳಹದಿಯಾಗಿ ಇಟ್ಟುಕೊಂಡ ಕಂಪ್ಯೂಟರ್ ಅದು.

2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ‘ಅಮಿಡಾ’ ಹೆಸರಿನಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ಬೆಲೆ ಸುಮಾರು ಹತ್ತು ಸಾವಿರದಿಂದ ಮೇಲಕ್ಕೆ. ಅಷ್ಟು ಹೊತ್ತಿಗೆ ಮೊಬೈಲ್ ಫೋನು ಅಗ್ಗವಾಗುತ್ತಿತ್ತು, ಸರ್ಕಾರಗಳಿಂದ ನಿರೀಕ್ಷಿಸಿದ ದೊಡ್ಡ ಬೇಡಿಕೆ ಬರಲಿಲ್ಲ, ಸಿಂಪ್ಯೂಟರ್ ಸೋತಿತು. ಯಂತ್ರ ಸೋತದ್ದಕ್ಕೆ ನನಗೆ ಅಂಥ ವ್ಯಥೆಯಿಲ್ಲ, ಯಂತ್ರಗಳು ಬರುತ್ತವೆ ಹೋಗುತ್ತವೆ. ಅದರ ಜೊತೆಗೆ ಆ ಆಲೋಚನೆಯನ್ನೂ ಹೂತುಬಿಟ್ಟೆವಲ್ಲ, ಅದು ಕಾಡುತ್ತದೆ. ಆ ಅಧ್ಯಾಪಕರು ಊಹಿಸಿದ ಹಂಚಿಕೆಯ ಜಗತ್ತು ನಿಜವಾಗಿಯೂ ಬಂತು, ಹಳ್ಳಿಯಲ್ಲಷ್ಟೇ ಅಲ್ಲ, ಬೆಂಗಳೂರಿನೊಳಗೇ ಬಂತು. ಆದರೆ ಅದಕ್ಕೆ ನಾವು ಕೊಟ್ಟದ್ದು ಒಬ್ಬನೇ ಬಳಸಲೆಂದು ಬೇರೆಲ್ಲೋ ರೂಪಿಸಿದ ಯಂತ್ರವನ್ನು.

ಕಾನೂನಿನ ಕಥೆಯೂ ಬೆಂಗಳೂರಿನಿಂದಲೇ ಶುರುವಾಗುತ್ತದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ್ದು 2012ರಲ್ಲಿ, ಎಂಬತ್ತಾರರ ವಯಸ್ಸಿನಲ್ಲಿ. ಆ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, 2025ರ ನವೆಂಬರಿನಲ್ಲಿ ಅದರ ನಿಯಮಗಳು ಪ್ರಕಟವಾದವು, ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರಲು 18 ತಿಂಗಳ ಕಾಲಾವಕಾಶವಿದೆ. ಮಾಹಿತಿ ಪಡೆದ ಉದ್ದೇಶ ಮುಗಿದ ಮೇಲೆ ಅದನ್ನು ಅಳಿಸಬೇಕು ಎಂಬುದು ಆ ಕಾಯ್ದೆಯ ಒಂದು ಆಧಾರಸ್ತಂಭ.

ಆದರೆ ಅಂಗಡಿಗಳಿಗೆ ನಮ್ಮ ಕಾನೂನು ಇದುವರೆಗೆ ಕಲಿಸಿದ್ದು ಇದರ ತಿರುಗುಮುರುಗು. 2011ರ ಸೈಬರ್ ಕೆಫೆ ನಿಯಮಗಳ ಪ್ರಕಾರ ಬಂದವರ ಗುರುತಿನ ಚೀಟಿ ನೋಡಬೇಕು, ವಿವರವನ್ನು ಪುಸ್ತಕದಲ್ಲಿ ಬರೆಯಬೇಕು, ಅವರು ನೋಡಿದ ತಾಣಗಳ ದಾಖಲೆಯನ್ನೂ ಸೇರಿಸಿ ಕನಿಷ್ಠ ಒಂದು ವರ್ಷ ಕಾಪಿಡಬೇಕು. ಕ್ಯಾಬಿನ್ನಿನ ಗೋಡೆ ನಾಲ್ಕೂವರೆ ಅಡಿಗಿಂತ ಎತ್ತರ ಇರಕೂಡದು ಎಂಬಷ್ಟರ ಮಟ್ಟಿಗೆ ನಿಯಮ ಸೂಕ್ಷ್ಮವಾಗಿತ್ತು. ಭಯೋತ್ಪಾದನೆಯ ಆತಂಕದ ಕಾಲದಲ್ಲಿ ಬಂದ ಆ ನಿಯಮಗಳ ಉದ್ದೇಶವನ್ನು ನಾನು ಪ್ರಶ್ನಿಸುವುದಿಲ್ಲ. ಗಿರಾಕಿ ಯಾರೆಂದು ನೆನಪಿಡು ಎಂದು ಅಂಗಡಿಗೆ ಇಷ್ಟು ವಿವರವಾಗಿ ಹೇಳಿದ ಸರ್ಕಾರ, ಗಿರಾಕಿಯ ಕಾಗದಗಳನ್ನು ಹೇಗೆ ಮರೆಯಬೇಕು ಎಂದು ಹೇಳಲಿಲ್ಲ, ಅಷ್ಟೇ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ನಿಂತಿತು. ವಿಂಡೋಸ್ 11 ಓಡಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರು ಅಥವಾ ಆಚೆಯದ್ದು ಬೇಕು. ಸೆಕೆಂಡ್‌ಹ್ಯಾಂಡ್ ಪೇಟೆಯ 6ನೇ, 7ನೇ ತಲೆಮಾರಿನ ಯಂತ್ರಗಳು ಹೊರಗುಳಿದವು. ಇನ್ನೊಂದು ವರ್ಷದ ಭದ್ರತಾ ತಿದ್ದುಪಡಿ ದುಡ್ಡಿಲ್ಲದೆ ಬೇಕೆಂದರೆ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಯಂತ್ರದ ಸೆಟ್ಟಿಂಗ್ಸ್‌ಗಳನ್ನು ಅವರ ಕ್ಲೌಡ್‌ಗೆ ಬ್ಯಾಕಪ್ ಮಾಡಿ ಎಂದು ಕಂಪನಿ ಷರತ್ತು ಹಾಕಿತು. ಯೂರೋಪಿನ ಗ್ರಾಹಕ ಸಂಘಟನೆಗಳು ಆಕ್ಷೇಪಿಸಿದ ಮೇಲೆ ಅಲ್ಲಿನವರಿಗೆ ಬ್ಯಾಕಪ್ಪಿನ ಷರತ್ತನ್ನು ಬಿಟ್ಟರು. ನಮಗೆ ಬಿಡಲಿಲ್ಲ, ನಾವು ಕೇಳಿರಲೂ ಇಲ್ಲ. ಇನ್ನು ಕ್ರ್ಯಾಕ್ ಮಾಡಿದ ವಿಂಡೋಸ್ ಹಾಕಿಸಿಕೊಂಡ ಅಂಗಡಿಗಳ ಪಾಡು ಬೇರೆಯೇ. ಬೀಗ ಒಡೆದುಕೊಟ್ಟ ತಂತ್ರಾಂಶ ತನ್ನ ಜೊತೆ ಏನನ್ನು ಒಳಗೆ ಬಿಟ್ಟಿದೆ ಎಂದು ಹಾಕಿದವನಿಗೂ ತಿಳಿಯದು.

ಹಾಗಾದರೆ ಎಲ್ಲ ಅಂಗಡಿಗಳೂ ಲಿನಕ್ಸ್‌ಗೆ ಹೋಗಲಿ ಎನ್ನಬಹುದೇ? ಅಷ್ಟು ಸರಾಗವಾಗಿ ಹೇಳುವವರು ಡಿಟಿಪಿ ಮಾಡುವವನ ಪಕ್ಕದಲ್ಲಿ ಕೂತಿಲ್ಲ. ಲಗ್ನಪತ್ರಿಕೆ, ಕರಪತ್ರ ಮಾಡುವ ಎಷ್ಟೋ ಕಡೆ ಇಂದಿಗೂ ಹಳೆಯ ಪೇಜ್‌ಮೇಕರ್, ನುಡಿ ಅಕ್ಷರಗಳೇ ನಡೆಯುತ್ತವೆ, ಅವು ವಿಂಡೋಸಿನವು. ಬೆರಳಚ್ಚು ಯಂತ್ರಗಳ, ಡಿಜಿಟಲ್ ಸಹಿಯ ಟೋಕನ್‌ಗಳ ತಂತ್ರಾಂಶವೂ ಮುಖ್ಯವಾಗಿ ವಿಂಡೋಸನ್ನೇ ನೆಚ್ಚಿಕೊಂಡಿದೆ. ಆದರೆ ಪ್ರಿಂಟ್ ತೆಗೆಯುವುದು, ಅರ್ಜಿ ತುಂಬುವುದು, ಪಹಣಿ ಇಳಿಸಿಕೊಳ್ಳುವುದು, ಇವಕ್ಕೆ ಬೇಕಾದದ್ದು ಒಂದು ಬ್ರೌಸರು, ಒಂದು ಪ್ರಿಂಟರು. ಇವು ಲಿನಕ್ಸಿನಲ್ಲಿ ನಡೆಯುತ್ತವೆ. ಕನ್ನಡದ ತೊಡಕೂ ಇಲ್ಲ, ಕಗಪ ಕೀಲಿಮಣೆ ವಿನ್ಯಾಸ ಅದರಲ್ಲಿ ಸಿಗುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳ ಸರ್ಕಾರದ ಶಾಲೆಗಳಲ್ಲಿ ಉಬುಂಟು ಆಧರಿಸಿದ ಕೈಟ್ ಲಿನಕ್ಸಿನಲ್ಲೇ ಕಂಪ್ಯೂಟರ್ ಕಲಿಯುತ್ತಿದ್ದಾರೆ. ಡಿಟಿಪಿಯ ಯಂತ್ರ ವಿಂಡೋಸಿನಲ್ಲೇ ಇರಲಿ, ಗಿರಾಕಿಯ ಕಾಗದ ಹಾಯುವ ಯಂತ್ರ ಬೇರೆಯಾಗಲಿ. ವಿಂಡೋಸ್ 10ರ ಜೊತೆ ಗುಜರಿಗೆ ಹೋಗಬೇಕಾದ ಹಳೆಯ ಯಂತ್ರವೇ ಇದಕ್ಕೆ ಸಾಕು.

ಇದನ್ನು ಅಂಗಡಿಯವನೊಬ್ಬನ ತಲೆಗೆ ಕಟ್ಟಬಾರದು. ಬೆಂಗಳೂರು ಒನ್, ಗ್ರಾಮ ಒನ್, ಕರ್ನಾಟಕ ಒನ್ ಕೇಂದ್ರಗಳನ್ನು ನೋಡಿಕೊಳ್ಳಲು ರಾಜ್ಯದಲ್ಲಿ ಇಡಿಸಿಎಸ್ ನಿರ್ದೇಶನಾಲಯವಿದೆ, ಇ-ಆಡಳಿತ ಇಲಾಖೆಯಿದೆ. ಕನ್ನಡದಲ್ಲಿ ಸಿದ್ಧಪಡಿಸಿದ, ಅತಿಥಿ ಅವಧಿ ಮೊದಲೇ ಆನ್ ಇರುವ, ಪ್ರತಿ ಗಿರಾಕಿಯ ನಂತರ ತಾನೇ ಒರೆಸಿಕೊಳ್ಳುವ ಒಂದು ಲಿನಕ್ಸ್ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ತಯಾರಿಸಿ, ಮೊದಲು ತಮ್ಮ ಕೇಂದ್ರಗಳಲ್ಲಿ ಬಳಸಿ, ಆಮೇಲೆ ಕೇಳಿದ ಅಂಗಡಿಗೆಲ್ಲ ಉಚಿತವಾಗಿ ಕೊಡುವುದು ಅವರಿಗೆ ಕಷ್ಟದ ಕೆಲಸವಲ್ಲ. ಕರ್ನಾಟಕದ ಮುಕ್ತ ತಂತ್ರಾಂಶ ಚಳವಳಿಯಂಥ ಸಂಘಟನೆಗಳು ಬೆಂಗಳೂರಿನಲ್ಲೇ ಇವೆ, ಮಾನ್ಯತಾದಲ್ಲಿ ಇದೇ ವಿದ್ಯೆ ಬಲ್ಲ ಎಂಜಿನಿಯರುಗಳೂ ಇದ್ದಾರೆ. ಸಿಂಪ್ಯೂಟರಿನ ಸ್ಮಾರ್ಟ್ ಕಾರ್ಡಿಗೆ ಹೋಲಿಸಿದರೆ ಇದು ತೀರಾ ಸಣ್ಣ ಕೆಲಸ.

ಅದು ಆಗುವವರೆಗೆ, ವಿಂಡೋಸ್ ಬಳಸುವ ಅಂಗಡಿಯವರು ಸೆಟ್ಟಿಂಗ್ಸ್‌ನಲ್ಲಿ ‘ಸಿಸ್ಟಮ್’, ಅದರೊಳಗೆ ‘ಸ್ಟೋರೇಜ್’, ಅಲ್ಲಿ ‘ಸ್ಟೋರೇಜ್ ಸೆನ್ಸ್’ ತೆರೆದು ಡೌನ್‌ಲೋಡ್ಸ್ ಮುಂದಿರುವ ‘ನೆವರ್’ ತೆಗೆದು ‘1 ದಿನ’ ಮಾಡಲಿ, ರಿಸೈಕಲ್ ಬಿನ್‌ಗೂ ಹಾಗೆಯೇ ಮಾಡಲಿ. ಒನ್‌ಡ್ರೈವ್ ಬ್ಯಾಕಪ್ ಚಾಲೂ ಇದೆಯೇ ಎಂದು ನೋಡಿ ನಿಲ್ಲಿಸಲಿ. ಪ್ರಿಂಟ್ ತೆಗೆಸುವವರು ಆಧಾರ್ ತಾಣದಿಂದ ಮಾಸ್ಕ್ಡ್ ಪ್ರತಿಯನ್ನೇ ಇಳಿಸಿಕೊಂಡು ಕೊಡಲಿ, ಅದು ಸಾಲದೆಂದು ಯಾವುದಾದರೂ ಕಚೇರಿ ಹೇಳಿದರೆ ಯಾಕೆಂದು ಕೇಳಲಿ. ಅಂಗಡಿಯ ಕಂಪ್ಯೂಟರಿನಲ್ಲಿ ಎಂದಾದರೂ ನಿಮ್ಮ ವಾಟ್ಸಾಪ್ ತೆರೆದಿದ್ದರೆ ಫೋನಿನಲ್ಲಿ ‘ಲಿಂಕ್ಡ್ ಡಿವೈಸಸ್’ ಪಟ್ಟಿ ನೋಡಿ, ಆ ಯಂತ್ರ ಅಲ್ಲಿನ್ನೂ ಇದ್ದರೆ ಲಾಗೌಟ್ ಮಾಡಿ.